ಪರೀಕ್ಷೆ ಮುಗಿದ ಮೇಲೆ ಉಳಿದ ಹಾಳೆಗಳಿಂದ ಬರೆಯುವ ಪುಸ್ತಕ: ಮನೆಯಲ್ಲೇ ಹೊಲಿಯುವ ವಿಧಾನ

ಏಪ್ರಿಲ್ ಬಂತೆಂದರೆ ಮಕ್ಕಳಿರುವ ಮನೆಯಲ್ಲಿ ನೋಟ್‌ಬುಕ್ಕುಗಳ ಒಂದು ರಾಶಿ ಬೀಳುತ್ತದೆ. ವಿಜ್ಞಾನದ್ದು ಮುಕ್ಕಾಲು ತುಂಬಿರುತ್ತದೆ, ಹಿಂದಿಯದ್ದು ಅರ್ಧವೂ ತುಂಬಿರುವುದಿಲ್ಲ. ಇತ್ತ ಟಿವಿ ಸ್ಟ್ಯಾಂಡಿನ ಕೆಳಗೆ ಲಗ್ನಪತ್ರಿಕೆಗಳು, ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್, ಅಟ್ಟದಲ್ಲಿ ಸೀರೆ ಪೆಟ್ಟಿಗೆ. ಎಲ್ಲವೂ ಒಂದು ದಿನ ಹಳೇ ಪೇಪರಿನವರ ತಕ್ಕಡಿಗೆ ಹೋಗುತ್ತವೆ. ಮರುವಾರ ನಾವೇ ಅಂಗಡಿಗೆ ಹೋಗಿ ಹೊಸ ಡೈರಿ ತರುತ್ತೇವೆ.

ಮೊದಲೆಲ್ಲ ಬೇಸಿಗೆ ರಜೆಯಲ್ಲಿ ಖಾಲಿ ಹಾಳೆ ಹರಿದು, ಒಟ್ಟು ಮಾಡಿ, ದಬ್ಬಳದಲ್ಲಿ ಹೊಲಿದು ರಫ್ ಪುಸ್ತಕ ಮಾಡಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಇತ್ತು. ಆ ಕೆಲಸವನ್ನೇ ಸ್ವಲ್ಪ ಜಾಸ್ತಿ ಗಮನ ಕೊಟ್ಟು ಮಾಡುವುದು ಹೇಗೆ ಅನ್ನುವುದು ಈ ಲೇಖನ. ಕಾಗದದ ಕರಕುಶಲ ಎಂದ ಕೂಡಲೇ ಎಲ್ಲರೂ ಹಾಳೆ ರುಬ್ಬಿ ಹೊಸ ಕಾಗದ ಮಾಡಲು ಹೊರಡುತ್ತಾರೆ. ನನ್ನ ಸಲಹೆ ಬೇರೆ. ಹಾಳೆಯನ್ನು ಮೊದಲು ಹಾಳೆಯಾಗಿಯೇ ಬಳಸಿ. ಬರೆಯಲು ಬರುವುದನ್ನು ಪುಟ ಮಾಡಿ. ದಪ್ಪಗಿರುವುದನ್ನು ರಟ್ಟು, ಹೊದಿಕೆ ಮಾಡಿ. ಎರಡಕ್ಕೂ ಬಾರದ್ದನ್ನು ಮಾತ್ರ ಕೊನೆಗೆ ರುಬ್ಬಿ. ಪ್ರತಿ ಸಲ ರುಬ್ಬಿದಾಗಲೂ ಕಾಗದದ ನಾರು ತುಂಡಾಗಿ ಗಿಡ್ಡವಾಗುತ್ತದೆ, ಕಾಗದ ದುರ್ಬಲವಾಗುತ್ತದೆ. ಒಳ್ಳೆಯ ಹಾಳೆಯನ್ನು ರುಬ್ಬುವುದು ನಷ್ಟ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಒಂದು ಪೆಟ್ಟಿಗೆ ಇಡಿ. ನೋಟ್‌ಬುಕ್ಕಿನ ಖಾಲಿ ಹಾಳೆ, ಒಂದೇ ಮಗ್ಗುಲು ಪ್ರಿಂಟ್ ಆದ ಎ4 ಹಾಳೆ, ಹಿಂಬದಿ ಖಾಲಿಯಿರುವ ಕ್ಯಾಲೆಂಡರ್ ಹಾಳೆ, ಪಾರ್ಸೆಲ್ಲಿಗೆ ಸುತ್ತಿ ಬಂದ ಕಂದು ಕಾಗದ ಇವೆಲ್ಲ ಪುಟಕ್ಕೆ ಬರುತ್ತವೆ. ಲಗ್ನಪತ್ರಿಕೆ, ಸೀರೆ ಪೆಟ್ಟಿಗೆ, ಶರ್ಟಿನೊಳಗೆ ಬರುವ ರಟ್ಟು, ಕಾರ್ನ್‌ಫ್ಲೇಕ್ಸ್ ಡಬ್ಬ ಹೊದಿಕೆಗೆ ಬರುತ್ತವೆ. ಟೈಲರ್ ಅಂಗಡಿಯ ತುಂಡು ಬಟ್ಟೆ, ಹರಿದ ಪಂಚೆಯ ಅಂಚು, ಹಳೇ ಸೀರೆಯ ಅಂಚು ಪುಸ್ತಕದ ಬೆನ್ನಿಗೆ, ಅಂದರೆ ಹಾಳೆಗಳು ಸೇರುವ ಕಡೆಗೆ ಬೇಕು. ಇವನ್ನು ಬಿಡಬೇಡಿ.

ದಿನಪತ್ರಿಕೆ ಪುಟಕ್ಕೆ ಬೇಡ. ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಆ ಕಾಗದದಲ್ಲಿ ಬಹುಪಾಲು ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗುತ್ತಾ ಹಳದಿಯಾಗಿ, ಆಮೇಲೆ ಪುಡಿಯಾಗುತ್ತದೆ. ಅಂಟು ಹಚ್ಚುವಾಗ ಕೆಳಗೆ ಹಾಸಲು, ಒದ್ದೆ ಹೀರಿಸಲು ಅದು ಚೆನ್ನಾಗಿದೆ.

ಅಂಗಡಿ ಬಿಲ್ಲು, ಎಟಿಎಂ ಚೀಟಿ, ಮೆಷಿನ್ನಿನಿಂದ ಬರುವ ನುಣುಪಾದ ಬಸ್ ಟಿಕೆಟ್ ಇವು ಬಿಸಿಗೆ ಕಪ್ಪಾಗುವ ರಾಸಾಯನಿಕ ಬಳಿದ ಕಾಗದಗಳು. ಇವನ್ನು ರುಬ್ಬುವ ರಾಶಿಗೆ ಖಂಡಿತ ಹಾಕಬೇಡಿ. ನೆನಪಿಗೆಂದು ಪುಸ್ತಕದಲ್ಲಿ ಅಂಟಿಸಿದರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಪ್ರವಾಸದ ಟಿಕೆಟ್ ಉಳಿಯಬೇಕೆಂದರೆ ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಅಂಟಿಸಿ. ಪ್ಲಾಸ್ಟಿಕ್ ಪದರ ಇರುವ ಪೇಪರ್ ಲೋಟ, ಮಿಂಚು ಉದುರುವ ಕಾರ್ಡು ಕೂಡ ರುಬ್ಬಲು ಬರುವುದಿಲ್ಲ.

ಲಗ್ನಪತ್ರಿಕೆ ವಿಚಾರದಲ್ಲಿ ಒಂದು ಮಾತು. ಮೇಲೆ ಗಣೇಶನ ಚಿತ್ರ, ಮೂಲೆಯಲ್ಲಿ ಅರಿಶಿನ ಕುಂಕುಮ. ಬಿಸಾಡಲು ಕೈ ಬರುವುದಿಲ್ಲ. ಇಟ್ಟುಕೊಂಡರೆ ಜಾಗವಿಲ್ಲ. ಅಂಥ ಪತ್ರಿಕೆ ಪುಸ್ತಕದ ಮುಂಬದಿಯ ಹೊದಿಕೆಯಾದರೆ ಮನಸ್ಸಿಗೂ ಸಮಾಧಾನ. ಚಿತ್ರ ಮುಂದೆ ಬರುವಂತೆ, ಅದರ ಮೇಲೆ ಮಡಿಕೆಯಾಗಲೀ ತೂತಾಗಲೀ ಬೀಳದಂತೆ ಅಳತೆ ಹಾಕಿ. ಪತ್ರಿಕೆಯ ಲಕೋಟೆಯನ್ನೂ ಜೋಪಾನ ಮಾಡಿ. ಅಂಟು ಬಿಡಿಸಿ, ಒಳಗು ಹೊರಗು ಮಾಡಿ ಮತ್ತೆ ಮಡಚಿದರೆ ಹೊಸ ಲಕೋಟೆ. ಗಾಂಧೀಜಿ ಬಂದ ಲಕೋಟೆಗಳನ್ನು ಬಿಡಿಸಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರು ಎನ್ನುವುದು ನಿಮಗೂ ಗೊತ್ತಿರಬಹುದು. 1934ರಲ್ಲಿ ಮಹಾರಾಷ್ಟ್ರದ ವಾರ್ಧಾದಲ್ಲಿ ಅವರು, ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಸೇರಿ ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕೈಕಾಗದವನ್ನೂ ತನ್ನ ಕೆಲಸಗಳಲ್ಲಿ ಸೇರಿಸಿಕೊಂಡಿತ್ತು.

ಕಾಗದದ ಎಳೆ ಯಾವ ಕಡೆ ಇದೆ ನೋಡಿ

ಇದನ್ನು ಬಹಳ ಜನ ಹೇಳಿಕೊಡುವುದೇ ಇಲ್ಲ. ಆದರೆ ಪುಸ್ತಕ ನೆಟ್ಟಗೆ ನಿಲ್ಲುವುದು, ಸೊಟ್ಟಗಾಗುವುದು ಇದರ ಮೇಲೇ ನಿಂತಿದೆ. ಕಾರ್ಖಾನೆಯಲ್ಲಿ ಕಾಗದ ಓಡುವ ಜಾಲರಿಯ ಮೇಲೆ ತಯಾರಾಗುತ್ತದೆ. ಹಾಗಾಗಿ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕೇ ಕಾಗದದ ಎಳೆ. ಎಳೆಯ ಉದ್ದಕ್ಕೆ ಮಡಚಿದರೆ ಕಾಗದ ಸುಲಭವಾಗಿ ಬಾಗುತ್ತದೆ, ಮಡಿಕೆ ನೀಟಾಗಿ ಬರುತ್ತದೆ. ಎಳೆಗೆ ಅಡ್ಡ ಮಡಚಿದರೆ ಮಡಿಕೆ ಒಡೆದು ಬಿಳಿ ಬಿಳಿ ಬಿರುಕು ಕಾಣುತ್ತದೆ. ಲಗ್ನಪತ್ರಿಕೆಯಂಥ ದಪ್ಪ ಕಾರ್ಡಿನಲ್ಲಿ ಇದು ಎದ್ದು ಕಾಣುತ್ತದೆ.

ತಿಳಿಯುವುದು ಕಷ್ಟವಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಒಂದು ಕಡೆಯಿಂದ ಅರ್ಧ ಬಾಗಿಸಿ, ಅಂಗೈಯಲ್ಲಿ ಮೆಲ್ಲಗೆ ಅದುಮಿ. ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದ ಅದುಮಿ. ಯಾವ ಕಡೆ ಕೈಗೆ ಕಡಿಮೆ ತಡೆ ಸಿಗುತ್ತದೋ ಆ ಮಡಿಕೆಯ ಉದ್ದಕ್ಕೇ ಎಳೆ ಇದೆ. ತೆಳು ಕಾಗದಕ್ಕೆ ಇನ್ನೊಂದು ಉಪಾಯ. ಮೂಲೆಯಿಂದ ಸಣ್ಣ ಚೌಕ ಕತ್ತರಿಸಿ, ಒಂದು ಮಗ್ಗುಲು ಒದ್ದೆ ಮಾಡಿ. ಅದು ಸುರುಳಿ ಸುತ್ತುತ್ತದೆ. ಸುರುಳಿಯ ಉದ್ದಕ್ಕೆ ಎಳೆ. ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಉಬ್ಬುವುದರಿಂದ ಹೀಗಾಗುತ್ತದೆ.

ನಿಯಮ ಒಂದೇ: ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೆ ಇರಬೇಕು. ಪುಟಗಳಲ್ಲಿ ಇದು ಯಾವಾಗಲೂ ಕೈಗೂಡುವುದಿಲ್ಲ. ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕಿರುತ್ತದೆ, ಅರ್ಧಕ್ಕೆ ಮಡಚಿದಾಗ ಅಡ್ಡವಾಗುತ್ತದೆ. 70–80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎನ್ನುವ ತೂಕ) ಹಾಳೆಯಲ್ಲಿ ನಡೆಯುತ್ತದೆ, ಪರವಾಗಿಲ್ಲ. ಹೊದಿಕೆ ಮತ್ತು ರಟ್ಟಿನಲ್ಲಿ ಮಾತ್ರ ರಾಜಿ ಬೇಡ.

ಮೊದಲ ಪುಸ್ತಕ: ಮೂರು ತೂತಿನ ಹೊಲಿಗೆ

ಬೇಕಾದ ಸಾಮಾನು ಹೆಚ್ಚಿಲ್ಲ. ಸ್ಟೀಲ್ ಸ್ಕೇಲು, ಕಟರ್, ತೂತು ಮಾಡಲು ದಬ್ಬಳ, ಹೊಲಿಯಲು ದೊಡ್ಡ ಕಣ್ಣಿನ ಸೂಜಿ, ಗಟ್ಟಿ ಹತ್ತಿ ದಾರ. ಹೂ ಕಟ್ಟುವ ದಾರ ತೆಳುವಾಯಿತು ಅನ್ನಿಸಿದರೆ ಎರಡು ಎಳೆ ಮಾಡಿಕೊಳ್ಳಿ. ದಾರವನ್ನು ಮೇಣದಬತ್ತಿಯ ಮೇಲೆ ಒಂದೆರಡು ಸಲ ಎಳೆಯಿರಿ. ಆಗ ಗಂಟು ಜಾರುವುದಿಲ್ಲ, ಕಾಗದವೂ ಸೀಳುವುದಿಲ್ಲ.

ಈಗ ಹಾಳೆ. ಇಲ್ಲೊಂದು ತೊಡಕಿದೆ. ನಡುವೆ ಪಿನ್ ಹೊಡೆದ ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆ ಎಂದರೆ ಮೊದಲ ಬರೆದ ಹಾಳೆಯ ಇನ್ನರ್ಧ. ಪಿನ್ ಬಿಚ್ಚಿದರೆ ಜೋಡಿ ಹಾಳೆ ಸಿಗುತ್ತದೆ, ಆದರೆ ಒಂದರ್ಧ ತುಂಬಿರುತ್ತದೆ. ಹಾಗಾಗಿ ಕತ್ತರಿಸಿ ಬಿಡಿ ಹಾಳೆಯನ್ನೇ ಇಟ್ಟುಕೊಳ್ಳಬೇಕು. ಬಿಡಿ ಹಾಳೆಗಳನ್ನು ಒಟ್ಟು ಮಾಡಿ ಪಕ್ಕದಲ್ಲಿ ಹೊಲಿಯುವುದು ಹಳೇ ರೂಢಿ. ಅದರಲ್ಲಿ ಅಂಚಿನ ಒಂದೂವರೆ ಸೆಂಟಿಮೀಟರ್ ಹೊಲಿಗೆಗೇ ಹೋಗುತ್ತದೆ, ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಬರೆಯುವಾಗ ಎಡಗೈಯಲ್ಲಿ ಒತ್ತಿ ಹಿಡಿದೇ ಇರಬೇಕು.

ಅದಕ್ಕಿಂತ ಚೆಂದದ ದಾರಿ: ಬಿಡಿ ಹಾಳೆಯನ್ನೇ ಮಧ್ಯಕ್ಕೆ ಅಡ್ಡ ಮಡಚಿ. ಲಾಂಗ್ ನೋಟ್‌ಬುಕ್ಕಿನ ಹಾಳೆ ಹೀಗೆ ಮಡಚಿದರೆ ಅಂಗೈಗಿಂತ ಸ್ವಲ್ಪ ದೊಡ್ಡ ಪುಟ್ಟ ಪುಸ್ತಕವಾಗುತ್ತದೆ. ಗೆರೆಗಳು ಮಡಿಕೆಯ ಉದ್ದಕ್ಕೇ ಬರುತ್ತವೆ. ಆದ್ದರಿಂದ ಪುಸ್ತಕವನ್ನು ಮೇಲಕ್ಕೆ ತೆರೆಯುವ ಹಾಗೆ ಹಿಡಿದು ಬರೆಯಿರಿ. ಮಾರುಕಟ್ಟೆ ಚೀಟಿ, ಹಾಲಿನ ಲೆಕ್ಕ, ವರದಿಗಾರರ ಟಿಪ್ಪಣಿ ಎಲ್ಲಕ್ಕೂ ಇದು ಹೇಳಿಮಾಡಿಸಿದ ಆಕಾರ.

ಹೊಲಿಯುವ ಕ್ರಮ ಹೀಗೆ:

1. ಎಂಟರಿಂದ ಹತ್ತು ಹಾಳೆಗಳನ್ನು ಒಂದೊಂದಾಗಿ ಮಡಚಿ, ಚಮಚದ ಬೆನ್ನಿನಿಂದ ಮಡಿಕೆ ಉಜ್ಜಿ. ಒಂದರೊಳಗೆ ಒಂದು ಸೇರಿಸಿ. ಒಟ್ಟಿಗೇ ಮಡಚಲು ಹೋಗಬೇಡಿ, ಒಳಗಿನ ಹಾಳೆಗಳು ಸುಕ್ಕಾಗುತ್ತವೆ.

2. ಲಗ್ನಪತ್ರಿಕೆಯನ್ನು ಪುಟಕ್ಕಿಂತ ಎಲ್ಲಾ ಕಡೆ 2–3 ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಮಡಿಕೆ ಬರುವ ಜಾಗದಲ್ಲಿ ಸ್ಕೇಲಿಟ್ಟು, ರೀಫಿಲ್ ಖಾಲಿಯಾದ ಪೆನ್ನಿನಿಂದ ಗೀಟು ಎಳೆದು ಮಡಚಿ.

3. ಪುಟಗಳ ಕಟ್ಟನ್ನು ಹೊದಿಕೆಯೊಳಗಿಟ್ಟು, ಮಡಿಕೆಯ ಸರಿ ನಡುವೆ ಒಂದು ಗುರುತು, ಎರಡೂ ತುದಿಯಿಂದ 2.5 ಸೆಂಟಿಮೀಟರ್ ಒಳಗೆ ಒಂದೊಂದು ಗುರುತು ಹಾಕಿ. ಕೆಳಗೆ ದಪ್ಪ ಪೇಪರ್ ಹಾಸಿ, ಒಳಗಿನಿಂದ ಹೊರಕ್ಕೆ ದಬ್ಬಳ ಚುಚ್ಚಿ.

4. ಬೆನ್ನಿನ ಉದ್ದದ ಮೂರರಷ್ಟು ದಾರ ತೆಗೆದುಕೊಳ್ಳಿ. ಒಳಗಿನಿಂದ ನಡು ತೂತಿನಲ್ಲಿ ಸೂಜಿ ಹೊರಗೆ ತನ್ನಿ. ಒಳಗೆ ಒಂದು ಗೇಣು ದಾರ ಬಿಟ್ಟಿರಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗೆ ನಡು ತೂತನ್ನು ದಾಟಿ ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ಬನ್ನಿ. ಮತ್ತೆ ನಡು ತೂತಿನಿಂದ ಒಳಗೆ.

5. ಈಗ ದಾರದ ಎರಡು ತುದಿಯೂ ಒಳಗೆ, ನಡುವೆ ಇವೆ. ಉದ್ದನೆಯ ಹೊಲಿಗೆ ಅವೆರಡರ ಮಧ್ಯೆ ಇರುವಂತೆ ನೋಡಿಕೊಂಡು, ದಾರವನ್ನು ಬೆನ್ನಿನ ಉದ್ದಕ್ಕೇ ಎಳೆದು ಬಿಗಿ ಮಾಡಿ. ಮೇಲಕ್ಕೆ ಎಳೆದರೆ ಕಾಗದ ಸೀಳುತ್ತದೆ. ಎರಡು ಗಂಟು ಹಾಕಿ, ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಪುಸ್ತಕ ಮುಚ್ಚಿದಾಗ ಒಳಗಿನ ಹಾಳೆಗಳ ಅಂಚು ಸ್ವಲ್ಪ ಹೊರಗೆ ಚಾಚಿರುತ್ತದೆ. ಸ್ಕೇಲು ಬಿಗಿಯಾಗಿ ಒತ್ತಿ, ಹೊಸ ಬ್ಲೇಡಿನಿಂದ ಹಗುರಾಗಿ ಹತ್ತಾರು ಸಲ ಎಳೆದು ಕತ್ತರಿಸಿ. ಒಂದೇ ಏಟಿಗೆ ಕತ್ತರಿಸುವ ಆತುರ ಬೇಡ. ಮಕ್ಕಳ ಕೈಗೆ ಕಟರ್ ಕೊಡುವುದೂ ಬೇಡ. ಅವರಿಗೆ ಮಡಚುವ, ಹೊಲಿಯುವ ಕೆಲಸ ಬಿಟ್ಟುಕೊಡಿ.

ದಪ್ಪ ಪುಸ್ತಕ: ಪಂಚೆ ಅಂಚಿನ ಮೇಲೆ ಹೊಲಿಗೆ

ವರ್ಷಪೂರ್ತಿ ದಿನಚರಿಗೆ ಒಂದು ಕಟ್ಟು ಸಾಲದು. ಒಂದೊಂದರಲ್ಲಿ ಐದಾರು ಹಾಳೆಯಂತೆ ಎಂಟು ಹತ್ತು ಕಟ್ಟು ಮಾಡಿ, ಅವನ್ನೆಲ್ಲ ಒಂದಕ್ಕೊಂದು ಸೇರಿಸಿ ಹೊಲಿಯಬೇಕು. ಬೆನ್ನಿಗೆ ಬಟ್ಟೆ ಪಟ್ಟಿ ಕೊಟ್ಟು ಹೊಲಿಯುವ ಕ್ರಮ ಬೈಂಡಿಂಗ್ ಕೆಲಸದಲ್ಲಿ ಬಹಳ ಹಳೆಯದು, ಬಹಳ ಗಟ್ಟಿ. ಹೀಗೆ ಹೊಲಿದ ಪುಸ್ತಕ ಮೇಜಿನ ಮೇಲೆ ತಾನಾಗಿ ತೆರೆದು ಮಲಗುತ್ತದೆ. ಅಂಟಿನಿಂದಲೇ ಕಟ್ಟಿದ ಪುಸ್ತಕದಲ್ಲಿ ಈ ಸುಖವಿಲ್ಲ. ಬೆನ್ನು ಬಿರಿದರೆ ಹಾಳೆಗಳು ಒಂದೊಂದಾಗಿ ಉದುರುತ್ತವೆ.

ಪಂಚೆ ಅಂಚಿನ ಒಂದೂವರೆ ಸೆಂಟಿಮೀಟರ್ ಅಗಲದ ಎರಡು ತುಂಡು ತೆಗೆದುಕೊಳ್ಳಿ. ಪುಸ್ತಕದ ದಪ್ಪಕ್ಕಿಂತ 6 ಸೆಂಟಿಮೀಟರ್ ಉದ್ದ ಇರಲಿ. ಪ್ರತಿ ಕಟ್ಟಿನ ಮಡಿಕೆಯಲ್ಲಿ ಆರು ತೂತು. ತುದಿಯಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಒಂದು, ಮೊದಲ ಪಟ್ಟಿಯ ಆಚೀಚೆ ಎರಡು, ಎರಡನೇ ಪಟ್ಟಿಯ ಆಚೀಚೆ ಎರಡು, ಇನ್ನೊಂದು ತುದಿಯಲ್ಲಿ ಒಂದು. ಎಲ್ಲಾ ಕಟ್ಟಿನಲ್ಲೂ ತೂತು ಒಂದೇ ಸಾಲಿಗೆ ಬರಬೇಕು. ಒಂದು ರಟ್ಟಿನ ತುಂಡಿನಲ್ಲಿ ಗುರುತು ಮಾಡಿಟ್ಟುಕೊಂಡು ಅದನ್ನೇ ಎಲ್ಲಕ್ಕೂ ಬಳಸಿ.

ಮೊದಲ ಕಟ್ಟನ್ನು ಮೇಜಿನ ಅಂಚಿಗಿಟ್ಟು, ಪಟ್ಟಿಗಳನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟು ಟೇಪ್ ಹಾಕಿ. ಹೊರಗಿನಿಂದ ಒಂದನೇ ತೂತಿಗೆ ಸೂಜಿ ಹಾಕಿ, ಬಾಲ ಬಿಟ್ಟುಕೊಳ್ಳಿ. ಎರಡರಲ್ಲಿ ಹೊರಗೆ ಬಂದು, ಪಟ್ಟಿಯ ಮೇಲಿಂದ ದಾಟಿ, ಮೂರರಲ್ಲಿ ಒಳಗೆ. ನಾಲ್ಕರಲ್ಲಿ ಹೊರಗೆ, ಪಟ್ಟಿ ದಾಟಿ, ಐದರಲ್ಲಿ ಒಳಗೆ. ಆರರಲ್ಲಿ ಹೊರಗೆ. ಈಗ ಎರಡನೇ ಕಟ್ಟನ್ನು ಮೇಲಿಟ್ಟು, ಅದರ ಆರನೇ ತೂತಿನಿಂದ ಒಳಗೆ ಹೋಗಿ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಒಂದನೇ ತೂತಿನಲ್ಲಿ ಹೊರಗೆ ಬಂದಾಗ ಮೊದಲು ಬಿಟ್ಟ ಬಾಲದ ಜೊತೆ ಗಂಟು ಹಾಕಿ. ಮೂರನೇ ಕಟ್ಟು ಹೊಲಿದು ತುದಿಗೆ ಬಂದಾಗ, ಕೆಳಗಿನ ಎರಡು ಕಟ್ಟುಗಳನ್ನು ಸೇರಿಸಿರುವ ದಾರದ ಕೆಳಗೆ ಸೂಜಿ ತೂರಿಸಿ, ಕುಣಿಕೆಯೊಳಗಿಂದ ತೆಗೆದು ಬಿಗಿ ಮಾಡಿ. ಆಮೇಲೆ ನಾಲ್ಕನೇ ಕಟ್ಟು. ಇನ್ನು ಮುಂದೆ ಪ್ರತಿ ತುದಿಯಲ್ಲೂ ಇದೇ ಕೊಂಡಿ. ಓದುವಾಗ ಗೋಜಲು ಅನ್ನಿಸಬಹುದು. ದಾರ ಸೂಜಿ ಹಿಡಿದು ಎರಡು ಕಟ್ಟು ಹೊಲಿದರೆ ಕೈಗೆ ತಾನೇ ಗೊತ್ತಾಗುತ್ತದೆ. ದಾರದ ಉದ್ದ, ಬೆನ್ನಿನ ಉದ್ದವನ್ನು ಕಟ್ಟುಗಳ ಸಂಖ್ಯೆಯಿಂದ ಗುಣಿಸಿ ಒಂದೆರಡು ಗೇಣು ಸೇರಿಸಿದಷ್ಟು. ಒಮ್ಮೆಗೇ ಅಷ್ಟುದ್ದ ತೆಗೆದರೆ ಸಿಕ್ಕಾಗುತ್ತದೆ. ಒಂದು ಮಾರು ತೆಗೆದು, ಮುಗಿದಾಗ ಒಳಮಗ್ಗುಲಲ್ಲಿ ಗಂಟು ಹಾಕಿ ಮುಂದುವರಿಸಿ.

ಹೊಲಿಗೆ ಮುಗಿದ ಮೇಲೆ ಬೆನ್ನಿಗೆ ತೆಳುವಾಗಿ ಫೆವಿಕಾಲ್ ಸವರಿ, ಹಳೇ ಹತ್ತಿ ಬಟ್ಟೆಯ ತುಂಡು ಅಂಟಿಸಿ. ಬಟ್ಟೆ ಎರಡೂ ಕಡೆ 2–3 ಸೆಂಟಿಮೀಟರ್ ಹೊರಗಿರಲಿ. ರಟ್ಟಿಗೆ ಕಟ್ಟುವುದು ಇದನ್ನೇ.

ರಟ್ಟಿನ ಅಳತೆ: ಮೇಲೆ, ಕೆಳಗೆ, ಮುಂದೆ ಪುಟಕ್ಕಿಂತ 3 ಮಿಲಿಮೀಟರ್ ದೊಡ್ಡದು. ಶರ್ಟಿನ ರಟ್ಟು ತೆಳುವಾದ್ದರಿಂದ ಎರಡು ಮೂರು ಪದರ ಅಂಟಿಸಿ ಒಂದು ರಾತ್ರಿ ಭಾರದ ಕೆಳಗೆ ಇಡಿ. ಆನ್‌ಲೈನ್ ಪಾರ್ಸೆಲ್ಲಿನ ಅಲೆ ಅಲೆ ರಟ್ಟು ಬೇಡ. ಒತ್ತಿದಲ್ಲೆಲ್ಲ ತಗ್ಗು ಬೀಳುತ್ತದೆ. ಹೊದಿಕೆ ಬಟ್ಟೆಯ ಮೇಲೆ ಎರಡು ರಟ್ಟು ಇಡುವಾಗ, ನಡುವೆ ಪುಸ್ತಕದ ದಪ್ಪ ಮತ್ತು ಅದರ ಆಚೀಚೆ 7–8 ಮಿಲಿಮೀಟರ್ ಜಾಗ ಬಿಡಿ. ಆ ಜಾಗವೇ ಪುಸ್ತಕದ ಕೀಲು. ಅದು ಕಡಿಮೆಯಾದರೆ ಹೊದಿಕೆ ತೆರೆಯುವುದಿಲ್ಲ. ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಅಂಟಿಸಿ. ಮೊದಲ ಮತ್ತು ಕೊನೆಯ ಕಟ್ಟಿನ ಅಂಚಿಗೆ, ಮಡಿಕೆಯ ಬಳಿ ಅರ್ಧ ಸೆಂಟಿಮೀಟರ್ ಮಾತ್ರ ಅಂಟು ಹಚ್ಚಿ, ಮಧ್ಯಕ್ಕೆ ಮಡಚಿದ ಕ್ಯಾಲೆಂಡರ್ ಹಾಳೆ ಸೇರಿಸಿ. ಬೆನ್ನಿನ ಬಟ್ಟೆ ಮತ್ತು ಪಂಚೆ ಪಟ್ಟಿಗಳನ್ನು ರಟ್ಟಿನ ಒಳಮಗ್ಗುಲಿಗೆ ಅಂಟಿಸಿ, ಅವುಗಳ ಮೇಲೆ ಆ ಹಾಳೆಯ ಹೊರ ಅರ್ಧವನ್ನು ಪೂರ್ತಿ ಅಂಟಿಸಿಬಿಡಿ. ಈ ಒಳಹಾಳೆ ಅಂದಕ್ಕೆ ಮಾತ್ರ ಇರುವುದಲ್ಲ. ಹೊರಗಿನ ಬಟ್ಟೆಯ ಅಂಟು ಒಣಗುತ್ತಾ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಗಿನ ಕಾಗದ ಇನ್ನೊಂದು ಕಡೆ ಎಳೆದು ರಟ್ಟನ್ನು ಸಮ ಮಾಡುತ್ತದೆ. ಪೂರ್ತಿ ಒಣಗುವವರೆಗೆ ಭಾರ ತೆಗೆಯಬಾರದು. ಅಕ್ಕಿ ತುಂಬಿದ ಸ್ಟೀಲ್ ಡಬ್ಬ ಒಳ್ಳೆಯ ಭಾರ.

ಎರಡು ಅಂಟು

ಫೆವಿಕಾಲ್ ಎಲ್ಲರಿಗೂ ಗೊತ್ತು. ಬೆನ್ನಿಗೆ ಅದೇ ಸರಿ, ಒಣಗಿದ ಮೇಲೂ ಬಾಗುತ್ತದೆ. ಆದರೆ ದೊಡ್ಡ ಹಾಳೆ ಅಂಟಿಸುವಾಗ ಮೈದಾ ಅಂಟು ಅನುಕೂಲ. ಅದು ನಿಧಾನವಾಗಿ ಒಣಗುವುದರಿಂದ ಹಾಳೆಯನ್ನು ಅತ್ತಿತ್ತ ಸರಿಸಿ ಕೂರಿಸಬಹುದು. ಒಂದು ದೊಡ್ಡ ಚಮಚ ಮೈದಾಗೆ ಐದಾರು ಚಮಚ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ.

ಬೈಂಡಿಂಗ್ ಕೆಲಸದವರು ಹುಳು ಬಾರದಿರಲಿ ಎಂದು ಇದಕ್ಕೆ ಮೈಲುತುತ್ತು ಹಾಕುವ ರೂಢಿ ಇತ್ತು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ. ಬೇಕಾದಷ್ಟೇ ಮಾಡಿ, ಎರಡು ದಿನದಲ್ಲಿ ಮುಗಿಸಿ, ತೆಳುವಾಗಿ ಹಚ್ಚಿ. ದಪ್ಪಗೆ ಹಚ್ಚಿದ ಕಡೆಯೇ ಬೆಳ್ಳಿಹುಳು ಮೊದಲು ಬರುವುದು.

ನಮ್ಮ ಕಡತ, ಹುಣಸೆ ಬೀಜದ ಗಂಜಿ

ಬಳಸಿದ ಬಟ್ಟೆಯಿಂದ ಪುಸ್ತಕ ಮಾಡುವುದಾದರೆ ಕರ್ನಾಟಕದ್ದೇ ಒಂದು ಮಾದರಿ ಇದೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಅಡ್ಡಡ್ಡ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಲೆಕ್ಕ, ಪತ್ರ, ದಾಖಲೆ ಎಲ್ಲಾ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸ ಓದುವವರಿಗೆ ಇಂದಿಗೂ ಮುಖ್ಯ ಆಧಾರ. ಬೇಡದ ಬರಹ ಒರೆಸಿ ಮತ್ತೆ ಬರೆಯಬಹುದಿತ್ತು. ಬಿಸಾಡುವ ಮಾತೇ ಇರಲಿಲ್ಲ. ನನಗೆ ಇಡೀ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಮನೆಗೆ ಹೊಂದುವಂತೆ ಹೀಗೆ ಮಾಡಿ. ಒಂದು ಹಿಡಿ ಹುಣಸೆ ಬೀಜವನ್ನು ಬಾಣಲೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿಯಿರಿ. ಕಂದು ಸಿಪ್ಪೆ ಉಜ್ಜಿ ತೆಗೆದು, ಬಿಳಿ ಬೇಳೆಯನ್ನು ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ. ನಾಲ್ಕೈದು ಲೋಟ ನೀರು ಸೇರಿಸಿ ತಿರುವುತ್ತಾ ಬೇಯಿಸಿದರೆ ಲೋಳೆ ಲೋಳೆಯಾದ ಗಂಜಿ ಬರುತ್ತದೆ. ಕಂಬಳಿ ನೇಯುವವರು ಉಣ್ಣೆ ಎಳೆಗೆ ಕೊಡುವುದೂ ಹುಣಸೆ ಬೀಜದ ಗಂಜಿಯನ್ನೇ. ತೆಂಗಿನ ಚಿಪ್ಪಿನ ಇದ್ದಿಲನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು, ಗಂಜಿಗೆ ಬೆರೆಸಿ. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಹಳೇ ಪಂಚೆಯಿಂದ ಒಂದು ಗೇಣು ಅಗಲ, ಒಂದು ಮೀಟರ್ ಉದ್ದದ ತುಂಡು ಕತ್ತರಿಸಿ. ಚೆನ್ನಾಗಿ ಒಗೆದು ಒಣಗಿಸಿ, ಎಳೆದು ಹಲಗೆಗೆ ಪಿನ್ ಮಾಡಿ. ಚಪ್ಪಟೆ ಬ್ರಷ್ಷಿನಿಂದ ಒಂದು ಕೋಟು ಬಳಿದು ಪೂರ್ತಿ ಒಣಗಿಸಿ. ಆಮೇಲೆ ಇನ್ನೊಂದು ಮಗ್ಗುಲು. ಹೀಗೆ ಎರಡೂ ಕಡೆ ಎರಡು ಮೂರು ಕೋಟು. ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಅಂಗೈ ಅಗಲಕ್ಕೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ರಟ್ಟು ಅಂಟಿಸಿ. ಸ್ಲೇಟಿಗೆ ಬರೆಯುವ ಬಳಪದಿಂದ ಬರೆದು ನೋಡಿ. ಮೊದಮೊದಲು ಕೈಗೆ ಕಪ್ಪು ಹತ್ತಿದರೆ ಇನ್ನೊಂದು ತೆಳು ಕೋಟು ಬರೀ ಗಂಜಿಯದ್ದು ಕೊಡಿ. ನೀರಿಗೆ ಮಾತ್ರ ತಾಗಿಸಬೇಡಿ. ಒರೆಸುವುದೂ ಒಣ ಬಟ್ಟೆಯಲ್ಲೇ.

ಉಳಿದದ್ದನ್ನು ರುಬ್ಬುವುದು

ಇಷ್ಟೆಲ್ಲ ಆದ ಮೇಲೆ ಚೂರುಪಾರು, ಎರಡೂ ಮಗ್ಗುಲು ಬರೆದ ಹಾಳೆ ಉಳಿಯುತ್ತವೆ. ಅವು ರುಬ್ಬಲು. ಪಿನ್ನು, ಟೇಪು ತೆಗೆದು, ಬೆರಳುದ್ದ ಹರಿದು ಒಂದು ರಾತ್ರಿ ನೆನೆಸಿ. ಅಡುಗೆಗೆ ಬಳಸದ ಹಳೇ ಮಿಕ್ಸಿ ಜಾರಿಗೆ ಒಂದು ಹಿಡಿ ಕಾಗದ, ಮೂರು ಲೋಟ ನೀರು. ನಿಲ್ಲಿಸಿ ನಿಲ್ಲಿಸಿ ಅರ್ಧ ನಿಮಿಷ ತಿರುಗಿಸಿದರೆ ಸಾಕು. ಜಾಸ್ತಿ ತಿರುಗಿಸಿದಷ್ಟೂ ನಾರು ಪುಡಿಯಾಗುತ್ತದೆ. ಬಾಲ್‌ಪೆನ್ ಶಾಯಿಯಿಂದ ಕಾಗದ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಿಳಿ ಮಾಡಲು ಬ್ಲೀಚು ಸುರಿಯುವುದು ಬೇಡ. ಆ ಬಣ್ಣವೇ ಚೆನ್ನಾಗಿದೆ, ಅಲ್ವಾ?

ಒಂದೇ ಅಳತೆಯ ಎರಡು ಹಳೇ ಫೋಟೋ ಫ್ರೇಮು ಬೇಕು. ಒಂದಕ್ಕೆ ಕಿಟಕಿಗೆ ಹೊಡೆಯುವ ಸೊಳ್ಳೆ ಮೆಶ್ ಬಿಗಿಯಾಗಿ ಎಳೆದು ಪಿನ್ ಹೊಡೆಯಿರಿ. ಇನ್ನೊಂದು ಖಾಲಿ ಫ್ರೇಮನ್ನು ಅದರ ಮೇಲಿಡಿ. ಅಗಲ ಟಬ್ಬಿನಲ್ಲಿ ಅರ್ಧ ನೀರು ತುಂಬಿ, ರುಬ್ಬಿದ್ದನ್ನು ಬೆರೆಸಿ ಕೈಯಾಡಿಸಿ. ತಿರುಳು ತೆಳು ಮಜ್ಜಿಗೆಯ ಹಾಗೆ ನೀರಲ್ಲಿ ಹರಡಿರಬೇಕು. ಎರಡೂ ಫ್ರೇಮು ಜೋಡಿಸಿ ಹಿಡಿದು, ಓರೆಯಾಗಿ ಮುಳುಗಿಸಿ, ನೀರೊಳಗೆ ಸಮ ಮಾಡಿ, ನೇರ ಮೇಲೆತ್ತಿ. ಎತ್ತಿದ ಕೂಡಲೇ ಹಿಂದೆ ಮುಂದೆ, ಆಮೇಲೆ ಎಡ ಬಲ ಸ್ವಲ್ಪ ಅಲ್ಲಾಡಿಸಿ. ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುವುದು ಆಗಲೇ. ನೀರು ಬಸಿಯುವುದು ನಿಂತ ಮೇಲೆ ಅಲ್ಲಾಡಿಸಿದರೆ ಹಾಳೆ ಹರಿಯುತ್ತದೆ. ಖಾಲಿ ಫ್ರೇಮು ತೆಗೆದು, ಒದ್ದೆ ಹತ್ತಿ ಬಟ್ಟೆಯ ಮೇಲೆ ಮಗುಚಿ, ಮೆಶ್ಶಿನ ಹಿಂದಿನಿಂದ ಸ್ಪಂಜಿನಲ್ಲಿ ನೀರು ಒತ್ತಿ ತೆಗೆದು, ಒಂದು ಅಂಚಿನಿಂದ ಮೆಲ್ಲಗೆ ಎತ್ತಿ. ಹಾಳೆ ಬಟ್ಟೆಯ ಮೇಲೆ ಉಳಿಯುತ್ತದೆ. ಮೇಲೊಂದು ಬಟ್ಟೆ, ಮತ್ತೊಂದು ಹಾಳೆ. ಐದಾರು ಆದ ಮೇಲೆ ಹಲಗೆ ಇಟ್ಟು ಭಾರ ಹೇರಿ. ಆಮೇಲೆ ಬಟ್ಟೆ ಸಮೇತ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಅಂಚು ಸೊಟ್ಟಗಾಗುತ್ತದೆ.

ಹೀಗೆ ಬಂದ ಕಾಗದಕ್ಕೆ ಪೆನ್ನು ಇಟ್ಟರೆ ಶಾಯಿ ಹರಡುತ್ತದೆ. ಅಕ್ಕಿ ಗಂಜಿಯ ತಿಳಿಯನ್ನು ಬ್ರಷ್ಷಿನಲ್ಲಿ ಎರಡೂ ಕಡೆ ಸವರಿ, ಒಣಗಿದ ಮೇಲೆ ನುಣುಪು ಕಲ್ಲು ಅಥವಾ ದೊಡ್ಡ ಕವಡೆಯಿಂದ ಉಜ್ಜಿದರೆ ಹರಡುವುದು ಕಡಿಮೆಯಾಗುತ್ತದೆ. ನಮ್ಮ ದೇಶದ ಹಳೇ ಕಾಗದ ಕೆಲಸದವರೂ ಗಂಜಿ ಕೊಟ್ಟು, ಕಲ್ಲಿನಲ್ಲಿ ಉಜ್ಜಿಯೇ ಬರೆಯುವ ಕಾಗದ ಮಾಡುತ್ತಿದ್ದರು. ಆದರೂ ಈ ಕಾಗದವನ್ನು ಪುಟಗಳಿಗೆ ಬಳಸಲು ಹೋಗಬೇಡಿ. ಹೊದಿಕೆಯ ಮೇಲಿನ ಪಟ್ಟಿ, ಶುಭಾಶಯ ಪತ್ರ, ಲಕೋಟೆ, ಉಡುಗೊರೆ ಚೀಟಿಗಳಿಗೆ ಇದು ಚೆಂದ.

ದೇವರಿಗೆ ಇಟ್ಟು ತೆಗೆದ ಹೂವನ್ನು ತಿರುಳಿಗೆ ಸೇರಿಸಬಹುದು. ಚೆಂಡುಹೂವಿನ ಎಸಳು ಒಳ್ಳೆಯದು, ಅದರ ಬಣ್ಣ ನೀರಿಗೆ ಬಿಡುವುದಿಲ್ಲ. ದಾಸವಾಳ ಬಣ್ಣ ಬಿಟ್ಟು ಕಲೆ ಮಾಡುತ್ತದೆ. ಗುಲಾಬಿ ಕಂದಾಗುತ್ತದೆ. ಬಣ್ಣ ಬೇಕೆಂದರೆ ಟೀ ಡಿಕಾಕ್ಷನ್ ನಂಬಿಕಸ್ಥ. ಅರಿಶಿನ ಮೊದಲ ದಿನ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕಿಗೆ ಬೇಗ ಮಾಸುತ್ತದೆ, ಸೋಪು ಸುಣ್ಣ ತಾಗಿದರೆ ಕೆಂಪಾಗುತ್ತದೆ. ಸಾಸಿವೆ, ತುಳಸಿ ಬೀಜ ಸೇರಿಸುವುದಾದರೆ ರುಬ್ಬಿದ ಮೇಲೆ ಸೇರಿಸಿ, ಫ್ಯಾನಿನ ಕೆಳಗಿಟ್ಟು ಬೇಗ ಒಣಗಿಸಿ. ಇಲ್ಲದಿದ್ದರೆ ಬಟ್ಟೆಯ ಮೇಲೇ ಮೊಳಕೆ ಬರುತ್ತದೆ.

ಟಬ್ಬಿನಲ್ಲಿ ಉಳಿದ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ, ತಿರುಳನ್ನು ಉಂಡೆ ಕಟ್ಟಿ ಒಣಗಿಸಿಡಿ. ಮುಂದಿನ ಸಲ ನೆನೆಸಿದರೆ ಮತ್ತೆ ಬಳಸಬಹುದು. ನೀರು ಗಿಡಕ್ಕೆ ಬೇಡ, ಅದರಲ್ಲಿ ಶಾಯಿ ಇದೆ.

ಮಳೆಗಾಲಕ್ಕೆ

ಕರಾವಳಿ, ಮಲೆನಾಡಿನವರು ಪುಸ್ತಕ ಹೊಲಿಯುವ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಜೂನ್ ಆದ ಮೇಲೆ ಮೈದಾ ಅಂಟು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಅನಿವಾರ್ಯವಾದರೆ ಫೆವಿಕಾಲ್ ಮಾತ್ರ ಬಳಸಿ. ಮುಗಿದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ. ಹಸ್ತಪ್ರತಿ ಕಾಯ್ದುಕೊಳ್ಳಲು ಹಿಂದಿನವರು ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡುತ್ತಿದ್ದರು. ಗ್ರಂದಿಗೆ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಬೂಸ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸದೆ, ಮೊದಲು ಪುಟ ಬಿಡಿಸಿ ಫ್ಯಾನ್ ಗಾಳಿಗೆ ಒಣಗಿಸಿ, ಆಮೇಲೆ ಮನೆಯ ಹೊರಗೆ ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಹೊಲಿಗೆ ಸಡಿಲಾದರೆ ಗಾಬರಿ ಬೇಡ. ಹಳೇ ದಾರ ಕತ್ತರಿಸಿ ತೆಗೆದು, ಅದೇ ತೂತುಗಳಲ್ಲಿ ಹೊಸ ದಾರ ಹಾಕಿ ಹೊಲಿದರಾಯಿತು.